ಕ್ರೊಕೊಡಿಲೊ: ರೋಮನ್ ಗಡಿಯ ಒಂದು ಸಣ್ಣ ಕೋಟೆ ಮತ್ತು ಅದರ ಕಾವಲುಗೋಪುರಗಳು

ಕ್ರೊಕೊಡಿಲೊ ಈಜಿಪ್ಟಿನ ಪೂರ್ವ ಮರುಭೂಮಿಯಲ್ಲಿದ್ದ ಒಂದು ಚಿಕ್ಕ ರೋಮನ್ ಕೋಟೆ. ಜಾಗದ ಇಂದಿನ ಹೆಸರು ಅಲ್-ಮುವೈಹ್. ನೈಲ್ ದಡದ ಕೊಪ್ಟೊಸ್ ಪಟ್ಟಣದಿಂದ (ಈಗಿನ ಕಿಫ್ಟ್) ಕೆಂಪು ಸಮುದ್ರದ ಮಿಯೊಸ್ ಹೊರ್ಮೊಸ್ ಬಂದರಿಗೆ ಹೋಗುವ ಸುಮಾರು 180 ಕಿಲೋಮೀಟರಿನ ದಾರಿಯಲ್ಲಿ, ಫೊಯ್ನಿಕೊನ್ ಮತ್ತು ಪೆರ್ಸೌ ಎಂಬ ಎರಡು ಠಾಣ್ಯಗಳ ನಡುವೆ ಇದು ಇತ್ತು. ಇಂಥ ಕೋಟೆಯನ್ನು ರೋಮನ್ನರು ಪ್ರೆಸಿಡಿಯಂ ಎನ್ನುತ್ತಿದ್ದರು. ಚಕ್ರವರ್ತಿ ಟ್ರಾಜನ್ ಮತ್ತು ಹೇಡ್ರಿಯನ್ ಕಾಲದಲ್ಲಿ, ಅಂದರೆ ಕ್ರಿ.ಶ. 2ನೆಯ ಶತಮಾನದ ಮೊದಲ ದಶಕಗಳಲ್ಲಿ, ಕ್ರೊಕೊಡಿಲೊ ಚಟುವಟಿಕೆಯಿಂದಿತ್ತು. ಕಟ್ಟಡವಾಗಿ ನೋಡಿದರೆ ಹೇಳಿಕೊಳ್ಳುವಂಥದ್ದಲ್ಲ. ಬಾಗಿಲಾಚೆಯ ತಿಪ್ಪೆಯಲ್ಲಿ ಸಿಕ್ಕ ಬರಹಗಳಿಂದಾಗಿ ಮಾತ್ರ ರೋಮನ್ ಸೈನ್ಯದ ದಿನಚರಿಯನ್ನು ಇಷ್ಟು ಹತ್ತಿರದಿಂದ ತೋರಿಸುವ ಬೆರಳೆಣಿಕೆಯ ನೆಲೆಗಳಲ್ಲಿ ಇದೂ ಒಂದಾಯಿತು.

ರೋಮನ್ ಗಡಿ ಎಂದೊಡನೆ ನೆನಪಾಗುವುದು ಬ್ರಿಟನ್ನಿನ ಹೇಡ್ರಿಯನ್ ಗೋಡೆ: ಈಚೆ ಸಾಮ್ರಾಜ್ಯ, ಆಚೆ ಪರರು. ಪೂರ್ವ ಮರುಭೂಮಿಯಲ್ಲಿ ಅಂಥ ಗೆರೆ ಎಳೆಯಲು ಜಾಗವೇ ಇರಲಿಲ್ಲ. ಬೋಳು ಬೆಟ್ಟ, ಒಣಗಿದ ಹಳ್ಳ, ವರ್ಷಗಟ್ಟಲೆ ಮಳೆ ಕಾಣದ ನೆಲ. ಅಲ್ಲಿ ಕಾಯಬೇಕಾದದ್ದು ದಾರಿ, ದಾರಿಯಲ್ಲಿ ಕಾಯಬೇಕಾದದ್ದು ನೀರು. ಸುತ್ತಲಿನ ನೂರಾರು ಚದರ ಕಿಲೋಮೀಟರ್ ಯಾರ ವಶದಲ್ಲಿದ್ದರೂ ನಡೆಯುತ್ತಿತ್ತು, ಬಾವಿ ಕೈತಪ್ಪುವಂತಿರಲಿಲ್ಲ. ಇದನ್ನು ಗಡಿ ಎನ್ನುವುದಕ್ಕಿಂತ ಕಾವಲಿಟ್ಟ ಹೆದ್ದಾರಿ ಎನ್ನುವುದೇ ಸರಿ.

ದಾರಿಯ ಹಳೆಯ ಸ್ಥಿತಿಯನ್ನು ಗ್ರೀಕ್ ಭೂಗೋಳಜ್ಞ ಸ್ಟ್ರಾಬೊ ಬರೆದಿಟ್ಟಿದ್ದಾನೆ. ಹಿಂದೆ ಒಂಟೆಯವರು ನಾವಿಕರ ಹಾಗೆ ನಕ್ಷತ್ರ ನೋಡುತ್ತ ರಾತ್ರಿ ನಡೆಯುತ್ತಿದ್ದರು, ನೀರನ್ನೂ ಹೊತ್ತೇ ಸಾಗುತ್ತಿದ್ದರು. ಆಮೇಲೆ ಆಳದ ಬಾವಿಗಳನ್ನು ತೋಡಿಸಿ, ತೊಟ್ಟಿಗಳನ್ನು ಕಟ್ಟಿಸಲಾಯಿತು ಎನ್ನುತ್ತಾನೆ. ಕೊಪ್ಟೊಸ್‌ನಿಂದ ಮಿಯೊಸ್ ಹೊರ್ಮೊಸ್‌ಗೆ ಆರೇಳು ದಿನದ ಪಯಣ. ಆ ಬಂದರಿನಿಂದ ವರ್ಷಕ್ಕೆ 120 ಹಡಗುಗಳು ಭಾರತಕ್ಕೆ ಹೊರಡುತ್ತಿದ್ದವೆಂಬ ಪ್ರಸಿದ್ಧ ಮಾತೂ ಅವನದೇ. ದಕ್ಷಿಣಕ್ಕಿದ್ದ ಬೆರೆನಿಕೆ ಬಂದರಿನ ದಾರಿ ಇನ್ನೂ ಉದ್ದ. ರೋಮನ್ ಲೇಖಕ ಪ್ಲಿನಿಯ ಲೆಕ್ಕದಲ್ಲಿ 257 ರೋಮನ್ ಮೈಲಿ, 12 ದಿನ.

ಈ ದಾರಿಗಳಲ್ಲಿ ಕೋಟೆಗಳ ಸಾಲು ಎದ್ದದ್ದು ಸ್ಟ್ರಾಬೊ ಕಾಲಕ್ಕಿಂತ ಬಹಳ ಈಚೆಗೆ, ಮುಖ್ಯವಾಗಿ ಕ್ರಿ.ಶ. 1ನೆಯ ಶತಮಾನದ ಉತ್ತರಾರ್ಧದಲ್ಲಿ. ಬೆರೆನಿಕೆ ದಾರಿಯ ಶಾಸನವೊಂದು ಇದರ ರೀತಿಯನ್ನು ಹೇಳುತ್ತದೆ. ವೆಸ್ಪೇಸಿಯನ್ ಆಳ್ವಿಕೆಯ 9ನೆಯ ವರ್ಷ, ಅಂದರೆ 76-77ರಲ್ಲಿ, ಈಜಿಪ್ಟಿನ ರಾಜ್ಯಪಾಲ ಯೂಲಿಯುಸ್ ಉರ್ಸುಸ್ ಬೆರೆನಿಕೆಯಿಂದ ಹಿಂತಿರುಗುವಾಗ ಇಲ್ಲಿ ನೀರು ಹುಡುಕಿ ಎಂದು ಅಪ್ಪಣೆ ಕೊಟ್ಟ, ನೀರು ಸಿಕ್ಕಿತು, ಆಮೇಲೆ ಕೋಟೆಯನ್ನೂ ತೊಟ್ಟಿಗಳನ್ನೂ ಕಟ್ಟಿಸಿದ. ಕ್ರಮ ಗಮನಿಸಬೇಕು. ಮೊದಲು ಬಾವಿ, ಅದು ಫಲಿಸಿದ ಮೇಲೆ ಗೋಡೆ. ಎತ್ತರದ ಗುಡ್ಡ, ಕಣಿವೆಯ ಬಾಯಿ ಎಂದು ಯುದ್ಧಶಾಸ್ತ್ರದ ಲೆಕ್ಕ ಹಾಕಿ ಈ ಕೋಟೆಗಳ ಜಾಗ ಆರಿಸಿದ್ದಲ್ಲ. ಹೆಚ್ಚಿನವು ತಗ್ಗಿನಲ್ಲಿ, ಹಳ್ಳದ ಪಾತ್ರದ ಮಗ್ಗುಲಲ್ಲಿವೆ. ಅಕ್ಕಪಕ್ಕದ ಗುಡ್ಡ ಹತ್ತಿದವನಿಗೆ ಅಂಗಳವೆಲ್ಲ ಕಾಣುವಂತಿದೆ.

ಕೋಟೆಯ ವಿನ್ಯಾಸ

ಈ ದಾರಿಗಳ ಕೋಟೆಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ಐವತ್ತು-ಅರವತ್ತು ಮೀಟರ್ ಬದಿಯ ಚೌಕ, ಸ್ಥಳದಲ್ಲೇ ಸಿಗುವ ಒರಟು ಕಲ್ಲಿನ ಗೋಡೆ, ಮೂಲೆಗಳಲ್ಲಿ ಬುರುಜು, ಒಂದೇ ಹೆಬ್ಬಾಗಿಲು. ಒಳಗೆ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಸಣ್ಣ ಕೋಣೆಗಳು, ನಟ್ಟ ನಡುವೆ ಬಾವಿ, ಪಕ್ಕದಲ್ಲಿ ಗಾರೆ ಬಳಿದ ನೀರಿನ ತೊಟ್ಟಿಗಳು. ಕೆಲವು ಕೋಟೆಗಳಲ್ಲಿ ಚಿಕ್ಕದೊಂದು ಪೂಜಾಗೃಹವಿರುತ್ತಿತ್ತು. ಇದೇ ದಾರಿಯಲ್ಲಿ ಮುಂದಕ್ಕೆ, ಸಮುದ್ರದ ಕಡೆಗಿರುವ ಮಾಕ್ಸಿಮಿಯಾನೊನ್ (ಅಲ್-ಝರ್ಕಾ) ಕೋಟೆಯಲ್ಲಿ ಸ್ನಾನಗೃಹವೂ ಸಿಕ್ಕಿದೆ. ಕುಡಿಯುವ ನೀರಿಗೇ ಪರದಾಡುವಲ್ಲಿ ಬಿಸಿನೀರಿನ ಮಜ್ಜನ! ಸೌದೆ ಎಲ್ಲಿಂದ ತರುತ್ತಿದ್ದರೋ ಎನಿಸದಿರದು.

ಹದಿನೆಂಟು-ಹತ್ತೊಂಬತ್ತು ಶತಮಾನಗಳಲ್ಲಿ ಬಾವಿಗಳು ಒಳಕ್ಕೆ ಕುಸಿದು, ಮರಳು ತುಂಬಿ, ಅಂಗಳದ ಮಧ್ಯೆ ದೊಡ್ಡ ಬೋಗುಣಿಯಂಥ ಹಳ್ಳಗಳಾಗಿವೆ. ಸುತ್ತಲಿನ ಕಟ್ಟಡದ ಒಂದಿಷ್ಟು ಭಾಗವನ್ನೂ ಅವು ನುಂಗಿವೆ. ಎಂದೋ ಬಂದು ಹೋಗುವ ಹಳ್ಳದ ನೆರೆಯ ಪೆಟ್ಟು ಬೇರೆ. ಗೋಡೆಗಳನ್ನಷ್ಟೇ ಅಳೆದು ನಕ್ಷೆ ಬರೆದಿದ್ದರೆ ಕ್ರೊಕೊಡಿಲೊ ಬಗ್ಗೆ ಒಂದು ಪುಟ ಬರೆಯುವುದೂ ಕಷ್ಟವಾಗುತ್ತಿತ್ತು. ಆ ಕೋಟೆಗೆ ಆ ಹೆಸರಿತ್ತೆಂದು ತಿಳಿದದ್ದೂ ತಿಪ್ಪೆಯಲ್ಲಿ ಸಿಕ್ಕ ಬರಹಗಳಿಂದಲೇ.

ಕಾವಲುಗೋಪುರಗಳು

ಕೋಟೆಗಳ ನಡುನಡುವೆ, ದಾರಿಯ ಎರಡು ಮಗ್ಗುಲಿನ ಗುಡ್ಡಗಳ ಮೇಲೆ, ಕೆಲವೆಡೆ ಬಯಲಿನಲ್ಲೂ ಸಣ್ಣ ಕಲ್ಲಿನ ಗೋಪುರಗಳಿವೆ. ಮಿಯೊಸ್ ಹೊರ್ಮೊಸ್ ದಾರಿಯ ಗೋಪುರಗಳನ್ನು ಕ್ರಮವಾಗಿ ಸಮೀಕ್ಷಿಸಿ 1989ರಲ್ಲಿ ಪ್ರಕಟಿಸಿದವರು ರೊನಾಲ್ಡ್ ಝಿಟ್ಟರ್‌ಕೊಫ್ ಮತ್ತು ಸ್ಟೀವನ್ ಸೈಡ್‌ಬೋತಮ್. ಅರವತ್ತಕ್ಕೂ ಹೆಚ್ಚು ಗೋಪುರಗಳನ್ನು ಅವರು ಗುರುತಿಸಿದರು. ಸುಮಾರು ಮೂರು ಮೀಟರ್ ಬದಿಯ ಚೌಕ ತಳ, ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ ಕಲ್ಲು. ನಮ್ಮ ಬಯಲುಸೀಮೆಯ ಹಳ್ಳಿಗಳ ಹುಡೇವಿನ ಹಾಗೆ ಊರವರು ಒಳಹೊಕ್ಕು ಅಡಗುವ ಕಟ್ಟಡವಲ್ಲ ಇದು. ಒಬ್ಬಿಬ್ಬರು ಮೇಲೆ ನಿಂತು ನೋಡಲಷ್ಟೇ ಸಾಕು. ಒಳಗೆ ಮೆಟ್ಟಿಲುಗಳಿಲ್ಲ. ಏಣಿಯನ್ನೋ ಹಗ್ಗವನ್ನೋ ಹಿಡಿದು ಹತ್ತಬೇಕಿತ್ತು.

ಜಾಗಗಳ ಆಯ್ಕೆಯಲ್ಲಿ ಒಂದು ಲೆಕ್ಕಾಚಾರ ಕಾಣುತ್ತದೆ. ಪ್ರತಿ ಗೋಪುರಕ್ಕೂ ಹಿಂದಿನದೂ ಮುಂದಿನದೂ ಕಾಣುವಂತಿರಬೇಕು. ಕಣಿವೆ ತಿರುಗಿದಲ್ಲಿ ಗೋಪುರಗಳು ಒತ್ತೊತ್ತಾಗಿವೆ, ನೇರ ಬಯಲಿನಲ್ಲಿ ದೂರದೂರ ಸರಿದಿವೆ. ಇದನ್ನು ನೋಡಿದವರಿಗೆ ಮೊದಲು ಹೊಳೆಯುವುದು ತಂತಿಯ ಹಾಗೆ ಸಮುದ್ರದಿಂದ ನೈಲ್‌ವರೆಗೆ ಸುದ್ದಿ ಮುಟ್ಟಿಸುವ ಏರ್ಪಾಡು. ಹಡಗು ಬಂತು ಎಂಬ ಸುದ್ದಿ ಸಂಜೆಯೊಳಗೆ ಕೊಪ್ಟೊಸ್ ತಲುಪುತ್ತಿತ್ತು ಎಂದು ಕಲ್ಪಿಸಿಕೊಳ್ಳಲು ಚೆನ್ನಾಗಿದೆ. ಆದರೆ ಹೊಗೆಯಿಂದಲೋ ಬೆಂಕಿಯಿಂದಲೋ ಹೇಳಬಹುದಾದದ್ದು ಕಡಿಮೆ: ಅಪಾಯ ಇದೆ, ಅಥವಾ ಇಲ್ಲ. ಯಾರು, ಎಷ್ಟು ಜನ, ಯಾವ ಕಡೆಗೆ ಹೋದರು ಎಂಬುದನ್ನೆಲ್ಲ ಕುದುರೆ ಸವಾರನೇ ಒಯ್ಯಬೇಕು. ಕ್ರೊಕೊಡಿಲೊದಲ್ಲಿ ಸಿಕ್ಕ ಟಪಾಲಿನ ಲೆಕ್ಕಗಳು ಹೇಳುವುದೂ ಸವಾರರ ಓಡಾಟವನ್ನೇ. ಗೋಪುರಗಳ ಕೆಲಸ ಮುಖ್ಯವಾಗಿ ದಾರಿಯ ಮೇಲೆ ಕಣ್ಣಿಡುವುದು, ಸಾರ್ಥಗಳನ್ನು ಗಮನಿಸುವುದು, ಹೆಚ್ಚೆಂದರೆ ಪಕ್ಕದ ಕೋಟೆಯನ್ನು ಎಚ್ಚರಿಸುವುದು ಎಂದುಕೊಳ್ಳುವುದೇ ಸಾಧು. ಬೆರೆನಿಕೆ ದಾರಿಯಲ್ಲಿ ಇಂಥ ಗೋಪುರಗಳ ಸಾಲೇ ಇಲ್ಲ. ಆದರೂ ಆ ದಾರಿ ಶತಮಾನಗಳ ಕಾಲ ನಡೆಯಿತು.

ಗೋಪುರಗಳ ಬುಡದಲ್ಲಿ ಮಡಕೆ ಚೂರು ಸಿಗುವುದು ಅಪರೂಪ. ಹಾಗಾಗಿ ಅವುಗಳ ಕಾಲ ನಿರ್ಣಯಿಸುವುದು ಸುಲಭವಲ್ಲ. ಸಹಾಯಕ್ಕೆ ಬರುವುದು ಬರಹಗಳೇ. ಗ್ರೀಕಿನಲ್ಲಿ ಕಾವಲುಗೋಪುರಕ್ಕೆ ಸ್ಕೋಪೆಲೊಸ್, ಅದರ ಕಾವಲುಗಾರನಿಗೆ ಸ್ಕೋಪೆಲಾರಿಯೊಸ್ ಎನ್ನುತ್ತಿದ್ದರು. ಉತ್ತರದ ಮೊನ್ಸ್ ಕ್ಲಾಡಿಯಾನುಸ್ ಕಲ್ಲುಗಣಿಯಲ್ಲಿ ಇವರ ಪಾಳಿಯ ಪಟ್ಟಿಗಳು ಸಿಕ್ಕಿವೆ; ಒಂದೊಂದು ಗುಂಪಿಗೆ ದೆಕಾನೊಸ್ ಎಂಬ ಮೇಸ್ತ್ರಿ. ಇವರು ಸೈನಿಕರಲ್ಲ, ನೈಲ್ ಕಣಿವೆಯ ಊರುಗಳಿಂದ ಕಾವಲಿಗೆ ಹಚ್ಚಿದ ಸಾಮಾನ್ಯ ಜನ. ಎಡ್ಫು ಪ್ರದೇಶದಿಂದ ಬಂದು ಈಗ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿರುವ ಬರಹದ ಮಡಕೆ ಚೂರುಗಳನ್ನು ಪಪೈರಸ್ ತಜ್ಞ ರಾಜರ್ ಬ್ಯಾಗ್ನಲ್ 1976ರಲ್ಲಿ ಪ್ರಕಟಿಸಿದರು. ಅವುಗಳಲ್ಲೊಂದರಲ್ಲಿ ಹೆರೆನ್ನಿಯುಸ್ ಆಂಟೊನಿನುಸ್ ಎಂಬ ಅಧಿಕಾರಿ ಅಮಾಟಿಯುಸ್ ಎಂಬವನಿಗೆ ತಕರಾರು ಬರೆಯುತ್ತಾನೆ: ಗೋಪುರದ ಮೇಲೆ ಮೀಸೆ ಮೂಡದ ಹುಡುಗನೊಬ್ಬನನ್ನು ನಿಲ್ಲಿಸಿದ್ದಾರೆ, ಅವನ ಬದಲು ಬೆಳೆದ ಆಳನ್ನು ಹಾಕಲು ಮೇಸ್ತ್ರಿಗೆ ಹೇಳು. ಬಿಟ್ಟಿ ಕಾವಲಿನ ಸರದಿ ಬಂದಾಗ ಹುಡುಗನೊಬ್ಬನನ್ನು ಕಳಿಸಿ ಕೈತೊಳೆದುಕೊಳ್ಳುವ ಯುಕ್ತಿ ಆಗಲೂ ಇತ್ತು. ದೂರದಿಂದ ಸಾಮ್ರಾಜ್ಯದ ಕಣ್ಣಿನ ಹಾಗೆ ಕಾಣುವ ಗೋಪುರದಲ್ಲಿ ನಿಜಕ್ಕೂ ಯಾರು ಕೂತಿದ್ದರು ಎಂಬುದನ್ನು ಈ ಚೂರಿನಷ್ಟು ಚೆನ್ನಾಗಿ ಯಾವ ಕಟ್ಟಡವೂ ಹೇಳದು.

ತಿಪ್ಪೆಯ ಉತ್ಖನನ

ಮಿಯೊಸ್ ಹೊರ್ಮೊಸ್ ದಾರಿಯ ಕೋಟೆಗಳಲ್ಲಿ 1994ರಿಂದ 1997ರವರೆಗೆ ಫ್ರೆಂಚ್ ತಂಡವೊಂದು ಅಗೆಯಿತು. ಅದರ ಮುಂದಾಳು ಪಪೈರಸ್ ತಜ್ಞೆ ಎಲೆನ್ ಕ್ಯುವಿನ್ಯಿ; ಜೊತೆಗೆ ಪುರಾತತ್ತ್ವಜ್ಞ ಜಾನ್-ಪಿಯೆರ್ ಬ್ರುನ್, ಮಿಷೆಲ್ ರೆಡ್ಡೆ, ಲಿಪಿತಜ್ಞ ಆಡಂ ಬ್ಯುಲೊ-ಯಾಕೊಬ್ಸೆನ್ ಮೊದಲಾದವರು. ಕೋಟೆಯೊಳಗಿನ ಕೋಣೆಗಳಿಗಿಂತ ಹೆಬ್ಬಾಗಿಲ ಹೊರಗಿನ ಕಸದ ರಾಶಿಯ ಮೇಲೆ ಅವರು ಹೆಚ್ಚು ದುಡಿದರು. ಮಳೆಯಿಲ್ಲದ ನೆಲದಲ್ಲಿ ಕಸ ಕೊಳೆಯುವುದಿಲ್ಲ. ಹುಲ್ಲು, ಲದ್ದಿ, ಬೂದಿ, ಮೂಳೆ, ಹರಿದ ಚರ್ಮ, ತೇಪೆಯ ಮೇಲೆ ತೇಪೆ ಬಿದ್ದ ಬಟ್ಟೆಯ ತುಂಡು, ಒಡೆದ ಮದ್ಯದ ಹರಿವಿ ಎಲ್ಲವೂ ಪದರ ಪದರವಾಗಿ ಉಳಿದಿದ್ದವು. ಆ ಒಡಕು ಹರಿವಿಗಳ ಚೂರುಗಳ ಮೇಲೆ ಮಸಿಯ ಬರಹ. ಪಪೈರಸ್ ದುಬಾರಿ, ಅದನ್ನು ಮರುಭೂಮಿಗೆ ಸಾಗಿಸಬೇಕು. ಮಡಕೆಯ ಬೋಕಿ ಕಾಲಬಳಿಯೇ ಬಿದ್ದಿರುತ್ತದೆ. ಇಂಥ ಬರಹದ ಚೂರುಗಳಿಗೆ ಓಸ್ಟ್ರಕ ಎಂದು ಹೆಸರು. ಹೆಚ್ಚಿನವು ಗ್ರೀಕಿನಲ್ಲಿವೆ, ಲ್ಯಾಟಿನ್ ಅಲ್ಲೊಂದು ಇಲ್ಲೊಂದು. ಕ್ರೊಕೊಡಿಲೊದ ಸೈನಿಕ ಪತ್ರವ್ಯವಹಾರದ 151 ಬರಹಗಳು 2005ರಲ್ಲಿ ಮೊದಲ ಸಂಪುಟವಾಗಿ ಬಂದವು. ಎರಡನೆಯ ಸಂಪುಟ 2019ರಲ್ಲಿ.

ಈ ಸೈನಿಕ ಪತ್ರಗಳನ್ನು ಓದುವಾಗ ಯುದ್ಧಕ್ಕಿಂತ ಕಚೇರಿಯ ವಾಸನೆಯೇ ಹೆಚ್ಚು. ಬೆರೆನಿಕೆ ಬೆಟ್ಟಸೀಮೆಯ ದಂಡಾಧಿಕಾರಿ ಸುತ್ತೋಲೆ ಹೊರಡಿಸುತ್ತಾನೆ. ಅದು ಕೋಟೆಯಿಂದ ಕೋಟೆಗೆ ಸಾಗುತ್ತದೆ. ಪ್ರತಿ ಕೋಟೆಯ ಉಸ್ತುವಾರಿಯಾದ ಕುರಾಟೋರ್ ಅದನ್ನು ನಕಲು ಮಾಡಿಕೊಂಡು ಮುಂದಕ್ಕೆ ಕಳಿಸುತ್ತಾನೆ. ಯಾವ ದಿನ, ಯಾವ ಹೊತ್ತಿಗೆ ಟಪಾಲು ಬಂತು, ಯಾವ ಸವಾರ ಒಯ್ದ ಎಂದು ದಾಖಲಿಸಿದ ಪಟ್ಟಿಯೂ ಸಿಕ್ಕಿದೆ. ತಡವಾದರೆ ತಪ್ಪು ಯಾರದೆಂದು ಗೊತ್ತಾಗಬೇಕಲ್ಲ. ಚಕ್ರವರ್ತಿಯ ಆಳ್ವಿಕೆಯ ವರ್ಷವನ್ನು ಈ ಬರಹಗಳಲ್ಲಿ ನಮೂದಿಸುತ್ತಿದ್ದುದರಿಂದ ತಿಪ್ಪೆಯ ಪದರಗಳಿಗೂ ಕಾಲ ಕೂಡಿಬಂತು.

ಎಲ್ಲಕ್ಕಿಂತ ಹೆಸರಾದದ್ದು ಒಂದು ದೊಡ್ಡ ಹರಿವಿಯ ಮೈಮೇಲೆ ನಕಲು ಮಾಡಿದ ಪತ್ರ. ಕ್ರಿ.ಶ. 118ರ ಮಾರ್ಚ್, ಹೇಡ್ರಿಯನ್ ಪಟ್ಟಕ್ಕೆ ಬಂದು ವರ್ಷವೂ ತುಂಬಿರಲಿಲ್ಲ. ವೊಕೊಂಟಿಯ ಅಶ್ವದಳದ ಸವಾರ ಆಂಟೊನಿಯುಸ್ ಕೆಲೆರ್ ವರದಿ ಕಳಿಸಿದ್ದಾನೆ. ಪಾಟ್ಕೌವಾ ಎಂಬ ಕೋಟೆಯ ಮೇಲೆ ಅರವತ್ತು ಮಂದಿ ಬರ್ಬರರು ಬಿದ್ದರು. ಹಗಲಿನ ಹತ್ತನೆಯ ಗಂಟೆಯಿಂದ, ಅಂದರೆ ಇಳಿಹೊತ್ತಿನಿಂದ, ರಾತ್ರಿಯ ಎರಡನೆಯ ಗಂಟೆಯವರೆಗೆ ಕಾದಾಟ. ಆಮೇಲೆ ಬೆಳಗಾಗುವ ತನಕ ಮುತ್ತಿಗೆ. ಹೆರ್ಮೊಗೆನೆಸ್ ಎಂಬ ಕಾಲಾಳು ಸತ್ತ. ಒಬ್ಬ ಹೆಂಗಸನ್ನೂ ಇಬ್ಬರು ಮಕ್ಕಳನ್ನೂ ಹೊತ್ತೊಯ್ದರು. ಬೆಳಗ್ಗೆ ಮತ್ತೆ ಹೋರಾಟ, ದಮನಾಯಿಸ್ ಎಂಬ ಸವಾರನೂ ಬಿದ್ದ. ಈ ವರದಿಯನ್ನು ಎರಡನೆಯ ಇಟುರಾಯಿ ಪಡೆಯ ಶತಾಧಿಪತಿ ಕಾಸ್ಸಿಯುಸ್ ವಿಕ್ಟರ್ ದಾರಿಯ ಎಲ್ಲ ಅಧಿಕಾರಿಗಳಿಗೂ ಎಚ್ಚರಿಕೆಯ ಮಾತಿನೊಂದಿಗೆ ಕಳಿಸಿದ.

ಈ ಪತ್ರದ ಬೆಲೆ ಹಲವು ಬಗೆಯದು. ಇಂಥ ಒಂದು ಕೋಟೆಯಲ್ಲಿ ಎರಡು ಡಜನ್ ಜನಕ್ಕಿಂತ ಹೆಚ್ಚಿದ್ದಂತೆ ಕಾಣುವುದಿಲ್ಲ. ಹಾಗಾಗಿ ಅರವತ್ತು ಎಂಬುದು ಸಣ್ಣ ಸಂಖ್ಯೆಯಲ್ಲ. ಹೆಂಗಸರೂ ಮಕ್ಕಳೂ ಕೋಟೆಯ ಬದುಕಿನ ಭಾಗವಾಗಿದ್ದರು ಎಂಬುದಕ್ಕೂ ಇದು ಸಾಕ್ಷಿ. ದಳಗಳ ಹೆಸರು ಗಾಲ್ ನಾಡಿನದು, ಲೆಬನಾನ್ ಬೆಟ್ಟಗಳದು. ಆದರೆ ಆ ಹೊತ್ತಿಗೆ ಅವುಗಳಿಗೆ ಸೇರುತ್ತಿದ್ದವರಲ್ಲಿ ಈಜಿಪ್ಟಿನವರು ಬಹಳ. ಮತ್ತೊಂದು ವಿಚಾರ: ಇಡೀ ರಾತ್ರಿ ನಡೆದ ಮುತ್ತಿಗೆಯ ವರದಿಯಲ್ಲಿ ಹೊರಗಿನಿಂದ ನೆರವು ಬಂದ ಮಾತಿಲ್ಲ.

ಕೋಟೆಯ ಜನ

ಗೋಧಿ ನೈಲ್ ಕಣಿವೆಯಿಂದ ಒಂಟೆಗಳ ಸಾರ್ಥದಲ್ಲಿ ಬರುತ್ತಿತ್ತು. ಬಾವಿಯ ನೀರಿನಲ್ಲಿ ಒಂದಿಷ್ಟು ಸೊಪ್ಪು ತರಕಾರಿ ಬೆಳೆಯುತ್ತಿದ್ದರು, ಹಂದಿ ಕೋಳಿ ಸಾಕುತ್ತಿದ್ದರು. ಖಾಸಗಿ ಕಾಗದಗಳ ತುಂಬ ಇವೇ ಮಾತು: ಸೊಪ್ಪಿನ ಕಟ್ಟು ಕಳಿಸಿದ್ದೇನೆ, ಮುಟ್ಟಿತೇ, ಯಾಕೆ ಉತ್ತರವಿಲ್ಲ. ಕೋಟೆಯ ದೇವರ ಮುಂದೆ ನಿನಗಾಗಿ ಪ್ರಾರ್ಥಿಸಿದ್ದೇನೆ ಎಂಬ ಒಕ್ಕಣೆ ಮೊದಲಿಗೆ ಇದ್ದೇ ಇರುತ್ತದೆ. ಬೆರೆನಿಕೆ ದಾರಿಯ ದಿಯೊಸ್ ಕೋಟೆಯ ಪೂಜಾಗೃಹದಲ್ಲಂತೂ ಭವಿಷ್ಯ ಕೇಳಿದವರಿಗೆ ಕೊಡಲು ಬರೆದಿಟ್ಟ ದೈವವಾಣಿಯ ಚೂರುಗಳೇ ಸಿಕ್ಕಿವೆ.

ಎರಡನೆಯ ಸಂಪುಟದಲ್ಲಿ ಎದ್ದು ಕಾಣುವ ವ್ಯಕ್ತಿ ಫಿಲೊಕ್ಲೆಸ್. ಉಚ್ಚರಿಸಿದ ಹಾಗೆಯೇ ಬರೆದ ಅವನ ಗ್ರೀಕ್‌ನಲ್ಲಿ ವ್ಯಾಕರಣಕ್ಕೆ ಮರ್ಯಾದೆಯಿಲ್ಲ. ತರಕಾರಿ, ಹಂದಿಯ ಜೊತೆಗೆ ಅವನ ಇನ್ನೊಂದು ವ್ಯಾಪಾರ ಹೆಂಗಸರದು: ವೇಶ್ಯೆಯರನ್ನು ತಿಂಗಳ ಲೆಕ್ಕದಲ್ಲಿ ಕೋಟೆಗಳಿಗೆ ಬಾಡಿಗೆಗೆ ಕಳಿಸುತ್ತಿದ್ದ. ತಿಂಗಳಿಗೆ 60 ದ್ರಾಕ್ಮಾ, ಮೇಲೆ ಕ್ವಿಂಟಾನ ಎಂಬ ತೆರಿಗೆ. ಆ ಹೆಂಗಸರ ಮಾತು ಪತ್ರಗಳಲ್ಲಿ ಕೇಳಿಸುವುದೇ ಇಲ್ಲ. ಅವರನ್ನು ಎಲ್ಲಿಗೆ ಕಳಿಸಬೇಕು, ಹಣ ಯಾರು ಕೊಡಬೇಕು ಎಂಬ ಗಂಡಸರ ಚೌಕಾಸಿ ಮಾತ್ರ. ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಕೊಪ್ಟೊಸ್‌ನಲ್ಲಿ ಕಂಡುಹಿಡಿದ ಕ್ರಿ.ಶ. 90ರ ಸುಂಕದ ಶಾಸನವನ್ನು ಇದರ ಪಕ್ಕಕ್ಕಿಟ್ಟು ಓದಬೇಕು. ಮರುಭೂಮಿಗೆ ಹೊರಡುವವರು ಕೊಡಬೇಕಾದ ರಹದಾರಿ ದರ ಅದರಲ್ಲಿದೆ: ಸೈನಿಕನ ಹೆಂಡತಿಗೆ 20 ದ್ರಾಕ್ಮಾ, ಹಡಗಿನ ಕೂವೆಮರಕ್ಕೂ 20, ವೇಶ್ಯೆಗೆ 108, ಒಂಟೆಯ ಚೀಟಿಗೆ ಒಂದು ಒಬೊಲ್. ಸರ್ಕಾರ ಯಾವುದರಲ್ಲಿ ಲಾಭ ಕಂಡಿತ್ತೆಂಬುದು ದರಪಟ್ಟಿಯಲ್ಲೇ ಇದೆ.

ಭಾರತದ ನಂಟು

ಈ ಕಾವಲೆಲ್ಲ ಯಾವ ಸರಕಿಗಾಗಿ? ಬೆರೆನಿಕೆಯ ದೇಗುಲವೊಂದರಲ್ಲಿ ಭಾರತದಲ್ಲಿ ಮಾಡಿದ ಹರಿವಿಯೊಳಗೆ ಸುಮಾರು ಏಳೂವರೆ ಕಿಲೋ ಕರಿಮೆಣಸು ಸಿಕ್ಕಿತು. 1985ರಲ್ಲಿ ಪ್ರಕಟವಾದ ಮುಜಿರಿಸ್ ಪಪೈರಸ್, ಕೇರಳ ಕರಾವಳಿಯ ಬಂದರಿನಿಂದ ಹೆರ್ಮಾಪೊಲ್ಲೊನ್ ಎಂಬ ಹಡಗಿನಲ್ಲಿ ಬಂದ ಸರಕನ್ನೂ, ಅಂಥ ಸರಕು ಒಂಟೆಗಳ ಮೇಲೆ ಕಾವಲಿನಲ್ಲಿ ಕೊಪ್ಟೊಸ್ ತಲುಪಿ ಮುದ್ರೆಯೊಳಗೆ ಇರಬೇಕಾದ ಷರತ್ತನ್ನೂ, ನಾಲ್ಕನೆಯ ಒಂದು ಪಾಲು ಸುಂಕವನ್ನೂ ಹೇಳುತ್ತದೆ. ಮಿಯೊಸ್ ಹೊರ್ಮೊಸ್ ಎಲ್ಲಿತ್ತು ಎಂಬ ಹಳೆಯ ವಾದ ಬಗೆಹರಿದದ್ದರಲ್ಲೂ ಈ ಓಸ್ಟ್ರಕಗಳ ಪಾಲಿದೆ. ಅದು ಕುಸೈರ್ ಪಟ್ಟಣದ ಉತ್ತರದ ಕುಸೈರ್ ಅಲ್-ಕದೀಮ್ ಎಂದು ಈಗ ಒಪ್ಪಿತವಾಗಿದೆ. ಅಲ್ಲಿ ತಮಿಳು-ಬ್ರಾಹ್ಮಿಯಲ್ಲಿ ಹೆಸರು ಗೀರಿದ ಮಡಕೆ ಚೂರುಗಳೂ ಸಿಕ್ಕಿವೆ.

ಕರ್ನಾಟಕದ ಕಡೆಯ ಸಾಕ್ಷ್ಯ ಇಷ್ಟು ನೇರವಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ದೊರೆತಿವೆ. ಕನ್ನಡಿಗರಿಗೆ ಹೆಚ್ಚು ಪರಿಚಿತವಾದದ್ದು ಈಜಿಪ್ಟಿನ ಆಕ್ಸಿರಿಂಕಸ್‌ನ 413ನೆಯ ಪಪೈರಸ್. ಭಾರತದ ತೀರದಲ್ಲಿ ನಡೆಯುವ ಗ್ರೀಕ್ ಪ್ರಹಸನವದು. 1903ರಲ್ಲಿ ಅದು ಪ್ರಕಟವಾದ ಮರುವರ್ಷವೇ ಶಾಸನತಜ್ಞ ಹುಲ್ಶ್ ಅದರಲ್ಲಿನ ಪರಭಾಷೆಯ ಮಾತುಗಳು ಕನ್ನಡವಿರಬಹುದೆಂದ; ಕನ್ನಡ ವಿದ್ವಾಂಸರು ಆ ಎಳೆಯನ್ನು ಹಿಡಿದು ಬಹಳ ಬರೆದರು, ಒಪ್ಪದವರೂ ಬಹಳ. ಪ್ರಹಸನದ ಹಸ್ತಪ್ರತಿ ಕ್ರೊಕೊಡಿಲೊ ಓಸ್ಟ್ರಕಗಳ ಶತಮಾನದ್ದೇ ಎಂಬುದಷ್ಟೇ ಇಲ್ಲಿ ಹೇಳಬಹುದಾದದ್ದು. ಕೋಟೆಯ ಪತ್ರಗಳಲ್ಲಿ ಮೆಣಸು, ಮುತ್ತುಗಳ ಪ್ರಸ್ತಾಪ ಹುಡುಕಿಕೊಂಡು ಹೋದವರಿಗೆ ನಿರಾಸೆ ಕಾದಿದೆ. ಪಹರೆಯವನಿಗೆ ಕಂಡದ್ದು ಮುದ್ರೆ ಒತ್ತಿದ ಮೂಟೆ, ಒಳಗಿನ ಸರಕಲ್ಲ.

ಕೊನೆಯ ದಿನಗಳು

ಕ್ರೊಕೊಡಿಲೊ ಹೆಚ್ಚು ಕಾಲ ಬಾಳಲಿಲ್ಲ. ಮಿಯೊಸ್ ಹೊರ್ಮೊಸ್ ಬಂದರು 3ನೆಯ ಶತಮಾನದಲ್ಲಿ ಬರಿದಾಯಿತು. ಬೆರೆನಿಕೆ ದಾರಿಯ ಕೋಟೆಗಳು ಮಾತ್ರ ಇನ್ನಷ್ಟು ಕಾಲ ನಡೆದವು. ಅಲ್ಲಿನ ಕ್ಸೆರೊನ್ ಪೆಲಾಗೊಸ್ ಕೋಟೆಯ 3ನೆಯ ಶತಮಾನದ ಓಸ್ಟ್ರಕಗಳಲ್ಲಿ ಬರ್ಬರರಿಗೆ ಗೋಧಿ ಅಳೆದು ಕೊಟ್ಟ ಲೆಕ್ಕವಿದೆ, ಬರಾಟಿಟ್ ಎಂಬ ಅವರ ನಾಯಕನ ಹೆಸರೂ ಇದೆ. ಪಾಟ್ಕೌವಾದ ಮೇಲೆ ಬಿದ್ದವರ ಪೈಕಿಯವರೇ ಇವರು ಎನ್ನಲಾಗದಿದ್ದರೂ, ಅದೇ ಮರುಭೂಮಿಯ ಜನಕ್ಕೆ ಅದೇ ಸೈನ್ಯ ನೂರೈವತ್ತು ವರ್ಷದ ಮೇಲೆ ಪಡಿ ಕೊಡುತ್ತಿತ್ತು.

ಕಿಫ್ಟ್‌ನಿಂದ ಕುಸೈರ್‌ಗೆ ಹೋಗುವ ಇಂದಿನ ಡಾಂಬರು ರಸ್ತೆ ಬಹುಪಾಲು ಹಳೆಯ ದಾರಿಯನ್ನೇ ಹಿಡಿದಿದೆ. ಗುಡ್ಡಗಳ ಮೇಲಿನ ಗೋಪುರಗಳು ಬಸ್ಸಿನ ಕಿಟಕಿಯಿಂದಲೇ ಕಾಣುತ್ತವೆ. 2011ರ ನಂತರ ಪೂರ್ವ ಮರುಭೂಮಿಯಲ್ಲಿ ಲೋಹಶೋಧಕ ಯಂತ್ರ, ಬುಲ್ಡೋಜರ್ ಹಿಡಿದು ಚಿನ್ನ ಹುಡುಕುವವರ ಹಾವಳಿ ಹೆಚ್ಚಿ, ಹಲವು ಪ್ರಾಚೀನ ನೆಲೆಗಳು ಹಾಳಾಗಿವೆ. ಕೆಡವಿದ ಗೋಡೆಯನ್ನು ಹಳೆಯ ನಕ್ಷೆ, ಫೋಟೊಗಳ ಆಧಾರದಿಂದ ಅರಿಯಬಹುದು. ಕದಡಿದ ತಿಪ್ಪೆಯಲ್ಲಿ ಓಸ್ಟ್ರಕ ಸಿಕ್ಕರೂ ಅದು ಯಾವ ಪದರದ್ದು, ಯಾವ ವರ್ಷದ ಕಸದ ಜೊತೆ ಬಿದ್ದಿತ್ತು ಎಂದು ಹೇಳಲು ಬರುವುದಿಲ್ಲ.